ಗೊತ್ತಿಲ್ಲ ಎಂದು ಬರೆದ ಪೈಲಟ್

ಆಕಾಶದಲ್ಲಿ ವಿಚಿತ್ರ ವಸ್ತುಗಳನ್ನು ನೋಡುವ ಜನ ಬೇರೆಯೇ ಇರುತ್ತಾರೆ ಎಂದು ನಾನು ಬಹಳ ಕಾಲ ನಂಬಿದ್ದೆ. ಅವರಿಗೆ ಗಡ್ಡ ಇರಬೇಕು, ಕಣ್ಣಲ್ಲಿ ಒಂದು ತರಹದ ಹೊಳಪಿರಬೇಕು, ಮಾತಿನ ನಡುವೆ ತಟ್ಟನೆ ನಿಲ್ಲಿಸಿ ದೂರಕ್ಕೆ ದೃಷ್ಟಿ ಹಾಯಿಸುವ ಅಭ್ಯಾಸವಿರಬೇಕು. ನಮ್ಮ ಪೈಲಟ್ಟರಿಗೆ ಇದರಲ್ಲಿ ಒಂದೂ ಇರಲಿಲ್ಲ. ಅವರಿಗಿದ್ದದ್ದು ಒಂದೇ ಇಂಜಿನ್ನಿನ ಹಳೆಯ ವಿಮಾನ, ಸೊಂಟನೋವು, ಮತ್ತು ಹತ್ತೊಂಬತ್ತು ವರ್ಷ ಒಂದೇ ದಾರಿಯಲ್ಲಿ ಹೋಗಿ ಬಂದ ಅನುಭವ.

ನಾನು ಆ ವಿಮಾನ ನಿಲ್ದಾಣದ ರೇಡಿಯೊ ಕೋಣೆಯಲ್ಲಿ ಕೂರುವವನು. ನಿಲ್ದಾಣ ಎಂದ ತಕ್ಷಣ ದೊಡ್ಡದಾಗಿ ಕಲ್ಪಿಸಿಕೊಳ್ಳಬೇಡಿ. ಒಂದು ಓಡುದಾರಿ, ಒಂದು ತಗಡಿನ ಶೆಡ್ಡು, ಗಾಳಿಯ ದಿಕ್ಕು ತೋರಿಸಲು ಕಂಬಕ್ಕೆ ಕಟ್ಟಿದ ಬಟ್ಟೆಯ ಚೀಲ, ಮ್ಯಾನೇಜರರ ಕೋಣೆ, ಪಕ್ಕದಲ್ಲಿ ನನ್ನ ಕೋಣೆ. ವಿಮಾನವೂ ಒಂದೇ. ಬೆಳಿಗ್ಗೆ ಒಂಬತ್ತಕ್ಕೆ ಅದು ನಮ್ಮ ಆಸ್ಪತ್ರೆಯ ರಕ್ತದ ಶೀಶೆಗಳನ್ನು ಐಸ್ ಪೆಟ್ಟಿಗೆಯಲ್ಲಿ ಹೊತ್ತು ಬೆಟ್ಟದಾಚೆಯ ದೊಡ್ಡ ಊರಿನ ಪ್ರಯೋಗಾಲಯಕ್ಕೆ ಹೋಗುತ್ತದೆ. ಮಧ್ಯಾಹ್ನ ಔಷಧಿ ತುಂಬಿಕೊಂಡು ವಾಪಸು ಬರುತ್ತದೆ. ರಸ್ತೆಯಲ್ಲಿ ಬೆಟ್ಟ ಬಳಸಿ ಹೋದರೆ ಏಳು ಗಂಟೆ. ಆಕಾಶದಲ್ಲಿ ಐವತ್ತು ನಿಮಿಷ.

ವಿಮಾನ ಮೇಲೆ ಇರುವಷ್ಟು ಹೊತ್ತು ಹದಿನೈದು ನಿಮಿಷಕ್ಕೊಮ್ಮೆ ನಾನು ಹೇಗಿದೆ ಎಂದು ಕೇಳಬೇಕು, ಅವರು ಉತ್ತರಿಸಬೇಕು. ಹತ್ತೊಂಬತ್ತು ವರ್ಷವೂ ಅವರ ಉತ್ತರ ಒಂದೇ: "ಎಲ್ಲಾ ಮಾಮೂಲಿ." ಹಾಗಾಗಿ ಊರಲ್ಲಿ ಅವರಿಗೆ ಮಾಮೂಲಿ ಪೈಲಟ್ ಎಂದೇ ಹೆಸರು ಬಿದ್ದಿತ್ತು. ಆರು ವರ್ಷದ ಹಿಂದೆ ವರ್ಗವಾಗಿ ಬಂದ ನಮ್ಮ ಮ್ಯಾನೇಜರರು ಮೊದಲ ದಿನವೇ ಈ ಹೆಸರು ಕೇಳಿ, ಇವರು ಯಾರಿಂದ ಎಷ್ಟು ಮಾಮೂಲು ತೆಗೆದುಕೊಳ್ಳುತ್ತಾರೆ ಎಂದು ಮೂರು ತಿಂಗಳು ಗುಟ್ಟಾಗಿ ಕಾವಲು ಕಾದಿದ್ದರು. ಕೊನೆಗೆ ಸಿಕ್ಕಿದ್ದು ಇಷ್ಟೇ: ಪೈಲಟ್ಟರು ಬೇರೆಯವರ ಹತ್ತಿರ ಏನನ್ನಾದರೂ ಕೇಳುವುದಿರಲಿ, ಹೋಟೆಲಿನಲ್ಲಿ ಪಕ್ಕದ ಮೇಜಿನವರ ಕಾಫಿಯನ್ನು ತಪ್ಪಿ ತಂದಿಟ್ಟರೂ ಮಾತಾಡದೆ ಕುಡಿದು ಎದ್ದು ಬರುವ ಮನುಷ್ಯ.

ಆ ಮಂಗಳವಾರ ಒಂಬತ್ತೂಕಾಲಿಗೆ ನಾನು ಎಂದಿನಂತೆ ಕೇಳಿದೆ. ಉತ್ತರ ಬರಲಿಲ್ಲ. ಇನ್ನೊಮ್ಮೆ ಕೇಳಿದೆ. "ಒಂದು ನಿಮಿಷ ಇರಿ," ಎಂದರು.

ಹತ್ತೊಂಬತ್ತು ವರ್ಷದಲ್ಲಿ ಅವರು ನನ್ನನ್ನು ಕಾಯಿಸಿದವರಲ್ಲ. ನಾನು ಕುರ್ಚಿ ಬಿಟ್ಟು ಎದ್ದು ನಿಂತೆ. ಎದ್ದು ನಿಂತು ಮಾಡುವಂಥದ್ದು ಏನೂ ಇರಲಿಲ್ಲ, ಆದರೂ ನಿಂತೆ. ಆಮೇಲೆ ಅವರ ದನಿ ಬಂತು, ಪಕ್ಕದಲ್ಲಿ ಯಾರೋ ಮಲಗಿದ್ದಾರೆ, ಎಬ್ಬಿಸಬಾರದು ಎನ್ನುವ ಹಾಗೆ ಮೆಲ್ಲಗೆ.

"ಬಲಗಡೆ ಏನೋ ಇದೆ. ನನ್ನ ಜೊತೆಗೇ ಬರ್ತಿದೆ."

ಏನು ಎಂದು ಕೇಳಿದೆ.

"ಗೊತ್ತಿಲ್ಲ. ಬೂದು ಬಣ್ಣ, ದುಂಡಗಿದೆ. ಗಾತ್ರ ಹೇಳಬೇಕು ಅಂದ್ರೆ ಒಂದು ವಾಷಿಂಗ್ ಮೆಷಿನ್ನಿನಷ್ಟು." ಸ್ವಲ್ಪ ಹೊತ್ತು ಬರೀ ಇಂಜಿನ್ನಿನ ಸದ್ದು. "ಹೋಯ್ತು. ಎಲ್ಲಾ ಮಾಮೂಲಿ."

ನಾಲ್ಕೂವರೆ ಸಾವಿರ ಅಡಿ ಎತ್ತರ, ದೊಡ್ಡ ಕೆರೆಯ ತಿರುವಿನ ಮೇಲೆ, ಹನ್ನೊಂದು ಸೆಕೆಂಡು. ನಾನು ಪುಸ್ತಕದಲ್ಲಿ ಬರೆದುಕೊಂಡೆ. ರಕ್ತದ ಶೀಶೆಗಳು ಸರಿಯಾದ ಹೊತ್ತಿಗೆ ತಲುಪಿದವು. ಮಧ್ಯಾಹ್ನ ವಿಮಾನ ಬಂದು ಇಳಿಯಿತು. ಪೈಲಟ್ಟರು ಔಷಧಿ ಪೆಟ್ಟಿಗೆಗಳನ್ನು ಎಣಿಸಿ ಕೊಟ್ಟು, ಸೊಂಟ ಹಿಡಿದುಕೊಂಡು ಮನೆಗೆ ಹೋದರು. ಅಷ್ಟಕ್ಕೇ ಮುಗಿದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಮುಗಿಯದ ಹಾಗೆ ಮಾಡಿದವನು ನಾನು.

ಅವತ್ತು ಸಾಯಂಕಾಲ ನಾನು ಕ್ಷೌರಕ್ಕೆ ಹೋದೆ. ಕುತ್ತಿಗೆಗೆ ಬಿಳಿ ಬಟ್ಟೆ ಕಟ್ಟಿ, ತಲೆ ಬಗ್ಗಿಸಿ ಕೂರಿಸಿದ ಮನುಷ್ಯ ಏನನ್ನೂ ಬಚ್ಚಿಡಲಾರ. ಪೊಲೀಸರು ಇದನ್ನು ಯಾಕೆ ಬಳಸುವುದಿಲ್ಲವೋ ತಿಳಿಯದು. ಯಾರಿಗೂ ಹೇಳಬೇಡಿ ಎಂದು ಮೊದಲೇ ಎಚ್ಚರಿಸಿ, ನಮ್ಮ ಪೈಲಟ್ಟರಿಗೆ ವಾಷಿಂಗ್ ಮೆಷಿನ್ನಿನಷ್ಟು ದೊಡ್ಡ ವಸ್ತುವೊಂದು ಆಕಾಶದಲ್ಲಿ ಎದುರಾಯಿತಂತೆ ಎಂದೆ. ಆ ಮಾತಿನಲ್ಲಿದ್ದ 'ಷ್ಟು' ಎಂಬ ಒಂದಕ್ಷರ ಕತ್ತರಿಗೆ ಸಿಕ್ಕಿ ಕೂದಲಿನ ಜೊತೆ ಕೆಳಗೆ ಬಿದ್ದಿರಬೇಕು. ಮರುದಿನ ಬೆಳಗಾಗುವ ಹೊತ್ತಿಗೆ ಊರಿನ ಮೇಲೆ ವಾಷಿಂಗ್ ಮೆಷಿನ್ನೇ ಹಾರಾಡುತ್ತಿತ್ತು.

ಪೈಲಟ್ಟರ ಹೆಂಡತಿಗೆ ಹೊಲಿಗೆ ಕೆಲಸ. ಮನೆಯ ಮುಂದಿನ ಕೋಣೆಯೇ ಅಂಗಡಿ. ನಾನು ಅವರನ್ನು ಅತ್ತಿಗೆ ಎಂದೇ ಕರೆಯುವುದು. ಅವರ ತಮ್ಮ ಪೇಟೆಯಲ್ಲಿ ಮಿಕ್ಸಿ, ಫ್ರಿಜ್ಜು, ವಾಷಿಂಗ್ ಮೆಷಿನ್ನು ಮಾರುವ ಅಂಗಡಿ ಇಟ್ಟಿದ್ದಾನೆ. ಬುಧವಾರ ಬೆಳಿಗ್ಗೆ ಅತ್ತಿಗೆ ಶಾಲೆಯ ಸಮವಸ್ತ್ರದ ತೋಳು ಕತ್ತರಿಸುತ್ತ ಕೂತಿದ್ದಾಗ ಈ ತಮ್ಮ ಏದುಸಿರು ಬಿಡುತ್ತ ಬಂದು ಒಂದೇ ಪ್ರಶ್ನೆ ಕೇಳಿದನಂತೆ.

"ಅಕ್ಕ, ಭಾವನ ಪಕ್ಕದಲ್ಲಿ ಹಾರಿದ್ದು ಮುಂದೆ ಬಾಗಿಲಿರೋದೋ, ಮೇಲೆ ಬಾಗಿಲಿರೋದೋ?"

ಆ ಸಮವಸ್ತ್ರದ ಎಡತೋಳು ಬಲತೋಳಿಗಿಂತ ಎರಡಂಗುಲ ಗಿಡ್ಡವಾಯಿತು. ತಮ್ಮನಿಂದ ವಿಷಯವನ್ನೆಲ್ಲ ಬಿಡಿಸಿ ಕೇಳಿಕೊಂಡ ಅತ್ತಿಗೆ ಅವನನ್ನು ಅವನ ಅಂಗಡಿಗೆ ಅಟ್ಟಿದರು. ಹಿಂದಿನ ದಿನ ಸಾಯಂಕಾಲ ಗಂಡ ಕೈಕಾಲು ತೊಳೆದು ಕೂತಾಗ, ಇವತ್ತೇನಾಯಿತು ಎಂದು ಅವರು ಕೇಳಿದ್ದರು. ಏನಿಲ್ಲ ಎಂದು ಉತ್ತರ ಬಂದಿತ್ತು. ಬುಧವಾರ ಗಂಡ ಮನೆಗೆ ಬಂದಾಗ ಜಗಳ ಆಗಲಿಲ್ಲ. ಅತ್ತಿಗೆ ಹೇಳಿದ್ದು ಒಂದೇ ಮಾತು, ಅದನ್ನು ಪೈಲಟ್ಟರೇ ಆಮೇಲೆ ನನ್ನ ಹತ್ತಿರ ಹೇಳಿಕೊಂಡರು.

"ಇಪ್ಪತ್ತಾರು ವರ್ಷದಲ್ಲಿ ನಿಮಗೆ ಅಂತ ಏನಾದ್ರೂ ಆಗಿದ್ದು ಇದೊಂದೇ. ಅದನ್ನೂ ನಾನು ಬೇರೆಯವರ ಬಾಯಿಂದ ಕೇಳಬೇಕಾಯ್ತು."

ಅಷ್ಟು ಹೇಳಿ ಅವರು ಹೊಲಿಗೆ ಯಂತ್ರದ ಮುಂದೆ ಕೂತರು. ಆಮೇಲೆ ಆ ವಿಷಯವಾಗಿ ಒಂದು ಮಾತೂ ಇಲ್ಲ, ಪ್ರಶ್ನೆಯೂ ಇಲ್ಲ. ಸಾಯಂಕಾಲದ ಮಾಮೂಲಿ ಪ್ರಶ್ನೆಯೂ ನಿಂತುಹೋಯಿತು. ಪೈಲಟ್ಟರಿಗೋ, ಕೇಳದೆ ಹೇಳಿ ಅಭ್ಯಾಸವಿಲ್ಲ. ಕೇಳಿದರೂ ಹೇಳಿ ಅಭ್ಯಾಸವಿಲ್ಲ ಎನ್ನುವುದು ಬೇರೆ ಮಾತು.

ಇತ್ತ ನಿಲ್ದಾಣದಲ್ಲಿ ಇನ್ನೊಂದು ಪೇಚು ಶುರುವಾಗಿತ್ತು. ಹಾರುವಾಗ ಐನೂರು ಅಡಿಯೊಳಗೆ ಯಾವುದೇ ವಸ್ತು ಬಂದರೂ ಮರುದಿನದೊಳಗೆ ಮೂರು ಪ್ರತಿಯಲ್ಲಿ ವರದಿ ಕೊಡಬೇಕೆಂದು ನಿಯಮ. ಅದಕ್ಕೊಂದು ಫಾರಂ ಇದೆ. ಎದುರಾದ ವಸ್ತು ಯಾವುದು ಎಂಬಲ್ಲಿ ವಿಮಾನ, ಪಕ್ಷಿ, ಬಲೂನು, ಗಾಳಿಪಟ ಎಂದು ನಾಲ್ಕು ಚೌಕಗಳು. ಐದನೆಯದು 'ಇತರೆ, ವಿವರಿಸಿ'. ಪೈಲಟ್ಟರು ಐದನೆಯದಕ್ಕೆ ಗುರುತು ಹಾಕಿ, ಮುಂದಿನ ಖಾಲಿ ಜಾಗದಲ್ಲಿ ದುಂಡಗಿನ ಅಕ್ಷರದಲ್ಲಿ 'ಗೊತ್ತಿಲ್ಲ' ಎಂದು ಬರೆದರು.

ನಮ್ಮ ಮ್ಯಾನೇಜರರಿಗೆ ನಿವೃತ್ತಿಗೆ ನಾಲ್ಕು ತಿಂಗಳು ಉಳಿದಿತ್ತು. ಆ ನಾಲ್ಕು ತಿಂಗಳಲ್ಲಿ ತಮ್ಮ ಮೇಜಿನ ಮೇಲೆ ಯಾವ ಹೊಸ ಕಡತವೂ ಹುಟ್ಟಬಾರದು ಎನ್ನುವುದೊಂದೇ ಅವರ ಆಸೆ. ಫಾರಂ ಓದಿ ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ಓದಿದರು.

"ಸರ್ಕಾರಿ ಕಾಗದದ ಮೇಲೆ ಗೊತ್ತಿಲ್ಲ ಅಂತ ಬರೆಯೋ ಹಾಗಿಲ್ಲ," ಎಂದರು. "ಗೊತ್ತಿಲ್ದೆ ಇದ್ರೂ ಏನಾದ್ರೂ ಒಂದು ಬರೀಬೇಕು. ಮೂವತ್ತೊಂದು ವರ್ಷದಿಂದ ನಾನು ಹಾಗೇ ಬರ್ಕೊಂಡು ಬಂದಿದ್ದೀನಿ."

ಬಲೂನು ಎಂದು ಬರೆದರೆ ಯಾರಿಗೂ ತೊಂದರೆಯಿಲ್ಲ, ಬಲೂನು ಬಡಪಾಯಿ ವಸ್ತು, ಅದು ಬಂದು ನಾನಲ್ಲ ಎನ್ನುವುದಿಲ್ಲ ಎಂದು ಸಮಾಧಾನವಾಗಿ ವಿವರಿಸಿದರು. ಪೈಲಟ್ಟರು ಅದು ಬಲೂನಿನ ಹಾಗಿರಲಿಲ್ಲ ಎಂದು ಎರಡು ಸಲ ಹೇಳಿದರು. ಮೂರನೆಯ ಸಲ ಮ್ಯಾನೇಜರರ ಮುಖ ನೋಡಿ, ಪಕ್ಕದ ಮೇಜಿನವರ ಕಾಫಿ ಕುಡಿಯುವ ಮನುಷ್ಯನಾದ್ದರಿಂದ, ಹೊಸ ಫಾರಂ ತುಂಬಿ ಬಲೂನು ಎಂದು ಸಹಿ ಹಾಕಿದರು. ಮ್ಯಾನೇಜರರು ಶಿಸ್ತಿನ ಮನುಷ್ಯ, ಹಳೆಯ ಫಾರಂ ಹರಿಯದೆ ಕಡತದೊಳಗೆ ಇಟ್ಟರು. ಕಡತ ಹುಟ್ಟಿಬಿಟ್ಟಿತು.

ಬಲೂನಿಗೂ ವಾರಸುದಾರರು ಇರುತ್ತಾರೆ ಎಂದು ನಮಗೆ ತಿಳಿದದ್ದು ಹವಾಮಾನ ಇಲಾಖೆಯ ಪತ್ರ ಬಂದಾಗ. ಸದರಿ ದಿನ ಸದರಿ ಸಮಯದಲ್ಲಿ ಇಲಾಖೆಯ ಬಲೂನುಗಳೆಲ್ಲ ತಂತಮ್ಮ ಜಾಗದಲ್ಲಿ ಇದ್ದವೆಂದೂ, ಆರೋಪಿತ ಬಲೂನು ತಮ್ಮದಲ್ಲವೆಂದೂ, ಇಲಾಖೆಯ ಬಲೂನು ಕೆರೆಯ ಮೇಲೆ ಒಂಟಿಯಾಗಿ ಅಲೆಯುತ್ತಿತ್ತು ಎನ್ನುವುದು ಸಿಬ್ಬಂದಿಯ ಮನೋಬಲ ಕುಗ್ಗಿಸುವ ಮಾತೆಂದೂ, ಹೇಳಿಕೆ ಹಿಂಪಡೆಯದಿದ್ದರೆ ಮೇಲಿನವರಿಗೆ ತಿಳಿಸಲಾಗುವುದೆಂದೂ ಅದರಲ್ಲಿತ್ತು. ಮ್ಯಾನೇಜರರು ಬೆವರಿದರು. ಪಕ್ಷಿ ಎಂದು ಬರೆಯಿರಿ ಎಂದರು. ಪಕ್ಷಿಗೆ ಇಲಾಖೆ ಎಲ್ಲಿದೆ.

ಪಕ್ಷಿಗೂ ಇಲಾಖೆ ಇತ್ತು. ಎರಡನೇ ಫಾರಂ ಹೋದ ನಾಲ್ಕನೇ ದಿನ ಅಲ್ಲಿಂದ ಇಬ್ಬರು ದುರ್ಬೀನು, ಮಡಚುವ ಕುರ್ಚಿ, ನೀಲಿ ಪುಸ್ತಕ ಹಿಡಿದು ಬಂದು ಓಡುದಾರಿಯ ಪಕ್ಕ ಕೂತರು. ವಾಷಿಂಗ್ ಮೆಷಿನ್ನಿನ ಗಾತ್ರದ ಪಕ್ಷಿ ಈ ಭಾಗದಲ್ಲಿ ಇದೆಯೆಂದರೆ ಅದು ವಿಮಾನಕ್ಕೆ ಅಪಾಯ, ವಿಮಾನದಿಂದ ಅದಕ್ಕೂ ಅಪಾಯ. ಎಣಿಕೆ ಮುಗಿಯುವವರೆಗೆ ಹಾರಾಟ ಬಂದ್. ರೆಕ್ಕೆ ಬಡಿಯಿತೇ ಎಂದು ಪೈಲಟ್ಟರನ್ನು ಕೇಳಿದರು. ಇಲ್ಲ ಎಂದರು ಪೈಲಟ್ಟರು. ಹಾಗಾದರೆ ತೇಲುವ ಜಾತಿ ಎಂದು ಅವರು ಬರೆದುಕೊಂಡರು. ಮೂರು ದಿನದಲ್ಲಿ ಹದಿನೇಳು ಕಾಗೆ ಮತ್ತು ಒಂದು ಬಿಳಿ ಕೊಕ್ಕರೆ ಸಿಕ್ಕವು. ಕೊಕ್ಕರೆಯನ್ನು ತೋರಿಸಿ ಇದಾ ಎಂದು ಕೇಳಿದರು. ಪೈಲಟ್ಟರು ಅದನ್ನು ಬಹಳ ಹೊತ್ತು ನೋಡಿ, ಇದಲ್ಲ ಎಂದು ವಿಷಾದದಿಂದ ಹೇಳಿದರು.

ಈ ಮೂರು ದಿನ ಊರಿಗೆ ತಮಾಷೆಯೋ ತಮಾಷೆ. ಅತ್ತಿಗೆಯ ತಮ್ಮ ಅಂಗಡಿಯ ಗಾಜಿನ ಹಿಂದೆ ಒಂದು ವಾಷಿಂಗ್ ಮೆಷಿನ್ನಿಗೆ ರಟ್ಟಿನ ರೆಕ್ಕೆ ಅಂಟಿಸಿ ನಿಲ್ಲಿಸಿದ್ದ. ಬಸ್ಸಿನಿಂದ ಇಳಿದವರು ಅದರ ಪಕ್ಕ ನಿಂತು ಫೋಟೊ ತೆಗೆಸಿಕೊಂಡು ಹೋಗುತ್ತಿದ್ದರು. ಪೈಲಟ್ಟರು ಪೇಟೆಯಲ್ಲಿ ಹೋದರೆ ಎದುರು ಸಿಕ್ಕವರು ಮೊದಲು ಅವರ ಮುಖ ನೋಡಿ, ಆಮೇಲೆ ಆಕಾಶ ನೋಡಿ, ಆಮೇಲೆ ನಮಸ್ಕಾರ ಹೇಳುತ್ತಿದ್ದರು.

ನಾಲ್ಕನೇ ದಿನ ಆಸ್ಪತ್ರೆಯ ಡಾಕ್ಟರು ನಿಲ್ದಾಣಕ್ಕೆ ಬಂದರು. ಅವರು ಗಟ್ಟಿಯಾಗಿ ಮಾತಾಡುವವರಲ್ಲ. ಮ್ಯಾನೇಜರರ ಮೇಜಿನ ಮೇಲೆ ಒಂದು ಪಟ್ಟಿ ಇಟ್ಟರು. ರಸ್ತೆಯ ಮೂಲಕ ಕಳಿಸಿದ ಶೀಶೆಗಳಲ್ಲಿ ಒಂಬತ್ತು ದಾರಿಯಲ್ಲೇ ಕೆಟ್ಟಿದ್ದವು. ಆ ಒಂಬತ್ತು ಜನರನ್ನೂ ಮತ್ತೆ ಕರೆಸಿ, ಮತ್ತೆ ಸೂಜಿ ಚುಚ್ಚಿ ರಕ್ತ ತೆಗೆಯಬೇಕು. ಅದರಲ್ಲಿ ಒಂದು ಎರಡು ವರ್ಷದ ಮಗು, ಜ್ವರ ಯಾವುದೆಂದು ತಿಳಿಯದೆ ಔಷಧಿ ಶುರುಮಾಡಲು ಆಗುತ್ತಿಲ್ಲ. ಅಷ್ಟು ಹೇಳಿ ಡಾಕ್ಟರು ಹೊರಟರು. ಪೈಲಟ್ಟರು ಆ ಪಟ್ಟಿಯನ್ನು ಎತ್ತಿಕೊಂಡು ಒಂಬತ್ತು ಹೆಸರನ್ನೂ ಓದಿದರು. ಅಂಥ ಮುಖ ನಾನು ಅವರಲ್ಲಿ ಮುಂಚೆ ಕಂಡಿರಲಿಲ್ಲ.

ಪಕ್ಷಿ ಬೇಡ, ಯಾವುದೂ ಬೇಡ, ವಿಮಾನ ಏಳುವ ಹಾಗೆ ಏನು ಬರೆಯಬೇಕೋ ಹೇಳಿ, ಬರೆಯುತ್ತೇನೆ ಎಂದರು. ಮ್ಯಾನೇಜರರಿಗೂ ಅದೇ ಬೇಕಿತ್ತು. ಇಬ್ಬರೂ ಕೂತು ಯೋಚಿಸಿ, ಯಾವ ಇಲಾಖೆಗೂ ಸೇರದ ಒಂದು ಕಾರಣ ಹುಡುಕಿದರು: ಕಿಟಕಿಯ ಗಾಜಿನ ಮೇಲೆ ಬಿಸಿಲು ಬಿದ್ದು ಹಾಗೆ ಕಂಡಿತು, ವಾಸ್ತವದಲ್ಲಿ ಅಲ್ಲಿ ಏನೂ ಇರಲಿಲ್ಲ. ಮೂರನೇ ಸಹಿ ಬಿತ್ತು. ಪಕ್ಷಿಯವರು ಕುರ್ಚಿ ಮಡಚಿಕೊಂಡು ಹೋದರು.

ವಿಮಾನ ಎದ್ದಿತು. ಆದರೆ ಅದನ್ನು ಹಾರಿಸಿದವರು ಬೇರೆ. ಇಲ್ಲದ್ದನ್ನು ಹನ್ನೊಂದು ಸೆಕೆಂಡು ಕಂಡ ಪೈಲಟ್, ಕಣ್ಣು ಮತ್ತು ಮನಸ್ಸಿನ ಪರೀಕ್ಷೆ ಆಗುವವರೆಗೆ ವಿಮಾನ ಮುಟ್ಟುವಂತಿಲ್ಲ ಎಂದು ಮೇಲಿನಿಂದ ಆದೇಶ ಬಂದಿತ್ತು. ಲೈಸೆನ್ಸು ತೆಗೆದಿಟ್ಟರು. ವಾರಕ್ಕೆ ಎರಡು ದಿನ ಮಾತ್ರ ಬೇರೆ ಊರಿಂದ ಒಬ್ಬ ಪೈಲಟ್ ಬಂದು ಹೋಗುವ ಏರ್ಪಾಟಾಯಿತು. ಜೊತೆಗೆ, ಒಂದೇ ಘಟನೆಗೆ ಮೂರು ಬೇರೆ ಬೇರೆ ಹೇಳಿಕೆ ಕೊಟ್ಟದ್ದು ಯಾಕೆ, ಅದಕ್ಕೂ ಮುಂಚೆ 'ಗೊತ್ತಿಲ್ಲ' ಎಂಬ ನಾಲ್ಕನೆಯದೊಂದು ಕಡತದಲ್ಲಿರುವುದು ಯಾಕೆ ಎಂದು ವಿಚಾರಿಸಲು ಅಧಿಕಾರಿಯೊಬ್ಬರು ಬರುತ್ತಾರೆಂದು ತಿಳಿಸಿದ್ದರು. ಲೈಸೆನ್ಸು ಉಳಿಯುವುದು ಅವರ ಕೈಯಲ್ಲಿತ್ತು.

ಲೈಸೆನ್ಸು ಇಲ್ಲದಿದ್ದರೂ ಪೈಲಟ್ಟರು ದಿನಾ ಎಂಟೂವರೆಗೆ ನಿಲ್ದಾಣಕ್ಕೆ ಬರುತ್ತಿದ್ದರು. ವಿಮಾನದ ಗಾಜು ಒರೆಸುತ್ತಿದ್ದರು. ಹೊರಗಿನಿಂದ ಒರೆಸುವುದಕ್ಕೆ ನಿಷೇಧ ಇರಲಿಲ್ಲ. ಆಮೇಲೆ ನನ್ನ ಕೋಣೆಯಲ್ಲಿ ಬಂದು ಕೂರುತ್ತಿದ್ದರು. ಅವರು ಬಂದು ಕೂತ ಮೇಲೆ ನಾನು ಯಾರನ್ನು ಹೇಗಿದೆ ಎಂದು ಕೇಳಲಿ. ಒಂದು ಬೆಳಿಗ್ಗೆ, ರೇಡಿಯೊ ಬರೀ ಗುಂಯ್ ಎನ್ನುತ್ತಿದ್ದಾಗ, ಅವರಾಗಿಯೇ ಮಾತಾಡಿದರು.

"ನಾನು ಅದನ್ನ ನೋಡಿದ್ದು ಹನ್ನೊಂದು ಸೆಕೆಂಡು. ಅವತ್ತಿಂದ ಒಂದು ತಿಂಗಳಾಯ್ತು, ಅದಲ್ಲ ಅದಲ್ಲ ಅಂತ ಸಹಿ ಹಾಕ್ತಿದ್ದೀನಿ. ಈಗ ಕಣ್ಣು ಮುಚ್ಚಿದ್ರೆ ಕೊಕ್ಕರೆ ಕಾಣುತ್ತೆ."

ನಗು ಬರಬೇಕಿತ್ತು, ಬರಲಿಲ್ಲ. ಕ್ಷೌರದಂಗಡಿಯಲ್ಲಿ ಬಾಯಿ ಬಿಟ್ಟವನು ನಾನೇ ಎಂದು ಅವತ್ತು ಒಪ್ಪಿಕೊಂಡೆ. ಅವರು ಗೊತ್ತು ಎಂದರು. ಊರಲ್ಲಿ ಅವತ್ತು ಹೊಸದಾಗಿ ಕೂದಲು ಕತ್ತರಿಸಿಕೊಂಡಿದ್ದವನು ನಾನೊಬ್ಬನೇ ಆಗಿದ್ದೆನಂತೆ. ಅತ್ತಿಗೆಗೆ ನೀವೇ ಎಲ್ಲಾ ಹೇಳಿಬಿಡಿ ಸರ್ ಎಂದೆ. ಎಲ್ಲಿಂದ ಶುರುಮಾಡಲಿ ಎಂದು ಕೇಳಿದರು.

ಅವತ್ತು ಸಾಯಂಕಾಲ ನಾನೇ ಅವರ ಮನೆಗೆ ಹೋದೆ. ಅತ್ತಿಗೆ ಗುಂಡಿ ಹೊಲಿಯುತ್ತಿದ್ದರು. ನನ್ನ ತಪ್ಪು, ಫಾರಂಗಳು, ಲೈಸೆನ್ಸು, ಬರುವ ಗುರುವಾರದ ವಿಚಾರಣೆ, ಎಲ್ಲವನ್ನೂ ಒದರಿದೆ. ವಿಚಾರಣೆಯ ವಿಷಯವನ್ನೂ ಗಂಡ ಮನೆಯಲ್ಲಿ ಹೇಳಿರಲಿಲ್ಲ. ಅತ್ತಿಗೆ ದಾರವನ್ನು ಹಲ್ಲಿನಲ್ಲಿ ಕಡಿದು, ಎಷ್ಟು ಗಂಟೆಗೆ ಎಂದು ಮಾತ್ರ ಕೇಳಿದರು.

ಗುರುವಾರ ಬಂದ ಅಧಿಕಾರಿ ಹೆಂಗಸು. ಐವತ್ತರ ಆಸುಪಾಸು, ನರೆತ ಕೂದಲು, ಕೈಯಲ್ಲಿ ಸಣ್ಣ ಚೀಲ. ಮ್ಯಾನೇಜರರ ಕುರ್ಚಿಯಲ್ಲಿ ಕೂತು ನಾಲ್ಕು ಫಾರಂಗಳನ್ನು ಮೇಜಿನ ಮೇಲೆ ಸಾಲಾಗಿ ಹರಡಿದರು. ನನ್ನನ್ನು ಬರೆದುಕೊಳ್ಳಲು ಕೂರಿಸಿದರು. ಇವುಗಳಲ್ಲಿ ಯಾವುದು ನಿಜ ಎಂದು ಪೈಲಟ್ಟರನ್ನು ಕೇಳಿದರು. ಪೈಲಟ್ಟರು ಮೊದಲನೆಯದನ್ನು ತೋರಿಸಿದರು. ಇದರಲ್ಲಿ ಗೊತ್ತಿಲ್ಲ ಎಂದಷ್ಟೇ ಇದೆಯಲ್ಲ ಎಂದರು ಅಧಿಕಾರಿ. ಹೌದು ಎಂದರು ಪೈಲಟ್ಟರು. ಹಾಗಾದರೆ ಉಳಿದ ಮೂರನ್ನು ಯಾಕೆ ಬರೆದಿರಿ ಎಂದಾಗ, ಅವರು ಮ್ಯಾನೇಜರರ ಕಡೆ ನೋಡದೆ, ಅನುಕೂಲವಾಗಲಿ ಅಂತ ಬರೆದೆ ಎಂದರು. ಯಾರಿಗೆ ಅನುಕೂಲ ಎಂದು ಅಧಿಕಾರಿ ಕೇಳಿದರು. ಮೂಲೆಯಲ್ಲಿ ನಿಂತಿದ್ದ ಮ್ಯಾನೇಜರರು ಗಂಟಲು ಸರಿಮಾಡಿಕೊಂಡು, ತಪ್ಪು ತಮ್ಮದೂ ಇದೆ ಎಂದು ಕೇಳಿಸಿಯೂ ಕೇಳಿಸದ ಹಾಗೆ ಹೇಳಿದರು. ಮೂವತ್ತೊಂದು ವರ್ಷದಲ್ಲಿ ಅವರು ಆ ಮಾತು ಹೇಳಿದ್ದು ಅದೇ ಮೊದಲಿರಬೇಕು, ನಾಲಿಗೆಗೆ ಪರಿಚಯವಿರಲಿಲ್ಲ.

ಅಧಿಕಾರಿ ಕಣ್ಣಿನ ಪರೀಕ್ಷೆಯ ಕಾಗದ ನೋಡಿದರು. ಕಣ್ಣು ಚೆನ್ನಾಗಿದೆ ಎಂದಿತ್ತು. ಉಳಿದದ್ದು ಮನಸ್ಸು. ಈ ಮನುಷ್ಯ ಇಲ್ಲದ್ದನ್ನು ಕಲ್ಪಿಸಿಕೊಳ್ಳುವ ಸ್ವಭಾವದವರೋ ಅಲ್ಲವೋ ಎಂದು ತಿಳಿಯಬೇಕಿತ್ತು. ಅದನ್ನು ಯಾರನ್ನು ಕೇಳುವುದು ಎಂದು ಅವರು ತಲೆ ಎತ್ತಿದಾಗ ಬಾಗಿಲಲ್ಲಿ ಅತ್ತಿಗೆ ನಿಂತಿದ್ದರು. ಅಂಗಡಿಯಿಂದ ನೆಟ್ಟಗೆ ಬಂದಿದ್ದರು, ಅಳತೆ ಪಟ್ಟಿ ಇನ್ನೂ ಕುತ್ತಿಗೆಯಲ್ಲೇ ಇತ್ತು.

"ನಾನು ಇವರ ಹೆಂಡತಿ," ಎಂದರು. "ನನ್ನನ್ನ ಇಲ್ಲಿವರೆಗೆ ಯಾರೂ ಏನೂ ಕೇಳಿಲ್ಲ."

ಅಧಿಕಾರಿ ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಕುರ್ಚಿ ತೋರಿಸಿದರು. ಪೈಲಟ್ಟರು ಎದ್ದು ನಿಂತುಬಿಟ್ಟಿದ್ದರು. ಅವರಿಗೆ ಕೂತುಕೊಳ್ಳಲು ಯಾರೂ ಹೇಳಲಿಲ್ಲ, ಹಾಗಾಗಿ ಕೊನೆಯವರೆಗೆ ನಿಂತೇ ಇದ್ದರು.

ಕುಡಿಯುತ್ತಾರಾ ಎಂದು ಅಧಿಕಾರಿ ಕೇಳಿದರು. ಮಲಗುವ ಮುಂಚೆ ಒಂದು ಲೋಟ ಹಾಲು ಎಂದರು ಅತ್ತಿಗೆ. ಕಥೆ ಪುಸ್ತಕ ಓದುತ್ತಾರಾ. ಇಂಜಿನ್ನಿನ ಪುಸ್ತಕ ಓದುತ್ತಾರೆ, ಅದೂ ಓದಿದ್ದನ್ನೇ ಓದುತ್ತಾರೆ. ಕನಸು ಬೀಳುತ್ತದಾ.

"ಬೀಳುತ್ತೆ," ಎಂದರು ಅತ್ತಿಗೆ. "ಬೆಳಿಗ್ಗೆ ಎದ್ದು, ವಿಮಾನ ಓಡಿಸೋ ಹಾಗೆ ಕನಸು ಬಿತ್ತು ಅಂತಾರೆ. ಆಮೇಲೇನಾಯ್ತು ಅಂದ್ರೆ, ಇಳಿಸಿದೆ ಅಂತಾರೆ."

ನಾನು ಬರೆಯುವುದನ್ನು ನಿಲ್ಲಿಸಿ ಪೆನ್ನು ಕೊಡವಿದೆ. ಅಧಿಕಾರಿ ಕಿಟಕಿಯ ಕಡೆ ಮುಖ ತಿರುಗಿಸಿದರು. ಅತ್ತಿಗೆ ಮಾತ್ರ ನಗಲಿಲ್ಲ.

"ಮೇಡಂ, ಇಪ್ಪತ್ತಾರು ವರ್ಷ ದಿನಾ ಸಾಯಂಕಾಲ ಕೇಳಿದ್ದೀನಿ, ಇವತ್ತೇನಾಯ್ತು ಅಂತ. ಏನಿಲ್ಲ ಅಂತಾರೆ. ಒಂದ್ಸಲ ಚಕ್ರ ಒಡೆದು ವಿಮಾನಾನ ಹುಲ್ಲಿನ ಮೇಲೆ ಇಳಿಸಿ ಬಂದಿದ್ರು. ಅವತ್ತೂ ಏನಿಲ್ಲ ಅಂದ್ರು. ಪ್ಯಾಂಟು ಒಗೆಯೋವಾಗ ಕೆಸರು ನೋಡಿ ನಾನು ತಿಳ್ಕೊಂಡೆ. ಇದ್ದದ್ದನ್ನೇ ಹೇಳದ ಮನುಷ್ಯ ಇಲ್ಲದ್ದನ್ನ ಎಲ್ಲಿಂದ ತಂದು ಹೇಳ್ತಾರೆ? ಇವರು ಏನೋ ಇತ್ತು ಅಂದ್ರೆ ಏನೋ ಇತ್ತು. ಏನು ಅಂತ ಗೊತ್ತಿಲ್ಲ ಅಂದ್ರೆ ಗೊತ್ತಿಲ್ಲ. ಇವರಿಗೆ ಕಲ್ಪನೆ ಅನ್ನೋದು ಒಂದು ಚೂರಾದ್ರೂ ಇದ್ದಿದ್ರೆ ಅದು ಮೊದಲು ನನಗೆ ಗೊತ್ತಾಗ್ತಿತ್ತು."

ಕೊನೆಯ ಮಾತಿಗೆ ಅವರ ದನಿ ಸ್ವಲ್ಪ ಜಾರಿತು. ಹೊರಗೆ ಕಂಬದ ಬಟ್ಟೆಯ ಚೀಲ ಪಟಪಟ ಎನ್ನುತ್ತಿತ್ತು.

ಅಧಿಕಾರಿ ಆ ಮೊದಲನೇ ಫಾರಮ್ಮನ್ನು ಕೈಗೆತ್ತಿಕೊಂಡರು. "ಇಪ್ಪತ್ತೆರಡು ವರ್ಷದಿಂದ ಈ ಕೆಲಸ ಮಾಡ್ತಿದ್ದೀನಿ," ಎಂದರು, ಯಾರಿಗೆ ಹೇಳುತ್ತಿದ್ದಾರೆಂದು ಗೊತ್ತಾಗದ ಹಾಗೆ. "ಏನು ನೋಡಿದ್ದು ಅಂತ ಎಲ್ಲರಿಗೂ ಖಚಿತವಾಗಿ ಗೊತ್ತಿರುತ್ತೆ. ಅದರಲ್ಲಿ ಅರ್ಧಕ್ಕರ್ಧ ತಪ್ಪಿರುತ್ತೆ. ಗೊತ್ತಿಲ್ಲ ಅಂತ ಬರೆದವರನ್ನ ನೋಡಿದ್ದು ಇದೇ ಮೊದಲು."

ಆಮೇಲೆ ನನಗೆ ಬರೆಸಿದರು. ಮೊದಲನೇ ವರದಿ ಅಂಗೀಕಾರ. ವಸ್ತು: ಇತರೆ. ವಿವರ: ಗೊತ್ತಿಲ್ಲ. ಲೈಸೆನ್ಸು ವಾಪಸು. ಉಳಿದ ಮೂರು ಸುಳ್ಳು ಹೇಳಿಕೆಗಳಿಗಾಗಿ ಪೈಲಟ್ಟರಿಗೆ ಒಂದು ಎಚ್ಚರಿಕೆ ಪತ್ರ, ಅವನ್ನು ಬರೆಸಿದ್ದಕ್ಕಾಗಿ ಮ್ಯಾನೇಜರರಿಗೆ ಇನ್ನೊಂದು. ಮ್ಯಾನೇಜರರು ಅದನ್ನು ಪಾರಿತೋಷಕದಂತೆ ಎರಡೂ ಕೈಯಲ್ಲಿ ತೆಗೆದುಕೊಂಡರು. ಕಡತ ಮುಚ್ಚಿತು ಎನ್ನುವುದರ ಮುಂದೆ ಅವರಿಗೆ ಬೇರೆಲ್ಲ ಗೌಣ. ಅಧಿಕಾರಿ ಹೊರಡುವಾಗ ಅತ್ತಿಗೆಯ ಹತ್ತಿರ ನಿಂತು, ತಮ್ಮ ಕೋಟಿನ ತೋಳು ಯಾಕೋ ಎಳೆಯುತ್ತದೆ, ನೋಡುತ್ತೀರಾ ಎಂದು ಕೇಳಿದರು. ಅತ್ತಿಗೆ ಅಲ್ಲೇ ಅಳತೆ ತೆಗೆದುಕೊಂಡರು.

ಆ ಮಗುವಿನ ವಿಷಯ ಹೇಳದಿದ್ದರೆ ತಪ್ಪಾದೀತು. ಎರಡನೇ ಸಲದ ರಕ್ತ ಸರಿಯಾಗಿ ತಲುಪಿ, ಜ್ವರ ಯಾವುದೆಂದು ಗೊತ್ತಾಗಿ, ಹತ್ತು ದಿನದಲ್ಲಿ ಎದ್ದು ಓಡಾಡಿತು. ಡಾಕ್ಟರೇ ಬಂದು ಹೇಳಿ ಹೋಗಿದ್ದರು. ಆದರೂ ಪೈಲಟ್ಟರು ಆ ಒಂಬತ್ತು ಹೆಸರಿನ ಪಟ್ಟಿಯನ್ನು ಎಸೆಯಲಿಲ್ಲ.

ವಿಚಾರಣೆ ಮುಗಿದ ಆ ಗುರುವಾರ ಸಾಯಂಕಾಲ ಪೈಲಟ್ಟರನ್ನೂ ಅತ್ತಿಗೆಯನ್ನೂ ನನ್ನ ಹಳೆಯ ಕಾರಿನಲ್ಲಿ ಮನೆಗೆ ಬಿಡಲು ಹೊರಟೆ. ಮುಂದಿನ ಸೀಟಿನಲ್ಲಿ ನನ್ನ ರೇಡಿಯೊ ಸಾಮಾನು ತುಂಬಿತ್ತು. ಇಬ್ಬರೂ ಹಿಂದೆ ಕೂತರು. ಪೇಟೆ ದಾಟಿದ ಮೇಲೆ ಪೈಲಟ್ಟರು ಕೆಮ್ಮಿದರು. ನಾನಲ್ಲಿದ್ದೇನೆ ಎನ್ನುವುದನ್ನು ಅವರು ಮರೆತಿದ್ದರೋ, ಪರವಾಗಿಲ್ಲ ಎಂದುಕೊಂಡರೋ ತಿಳಿಯದು.

"ನೀನು ಅಷ್ಟು ಹೇಳಿದೆ," ಎಂದರು. "ಆದ್ರೆ ಆ ಮೊದಲನೇ ಫಾರಂನಲ್ಲೂ ಒಂದು ಸುಳ್ಳಿದೆ."

ಅತ್ತಿಗೆ ತಿರುಗಿ ನೋಡಿದರು. ನಾನು ವೇಗ ಕಡಿಮೆ ಮಾಡಿದೆ.

"ಕೊನೆಗೆ ಒಂದು ಕಡೆ, ಪೈಲಟ್ ಕೈಗೊಂಡ ಕ್ರಮ ಅಂತ ಇತ್ತು. ಏನೂ ಇಲ್ಲ ಅಂತ ಬರೆದೆ."

"ಮತ್ತೇನು ಮಾಡಿದ್ರಿ?"

ಪೈಲಟ್ಟರು ಪಕ್ಕದ ಕಿಟಕಿಯ ಗಾಜನ್ನು ಅಂಗಿಯ ತೋಳಿನಿಂದ ಒರೆಸಿದರು.

"ಕೈ ಬೀಸಿದೆ."

"ಯಾರಿಗೆ?"

"ಅದಕ್ಕೆ. ಅಷ್ಟು ವರ್ಷ ಆ ದಾರೀಲಿ ಒಬ್ಬನೇ ಹೋಗಿದ್ದೀನಿ. ಯಾವತ್ತೂ ಪಕ್ಕದಲ್ಲಿ ಯಾರೂ ಬಂದಿರಲಿಲ್ಲ. ಏನು ಮಾಡಬೇಕು ಅಂತ ತೋಚಲಿಲ್ಲ, ಕೈ ಬೀಸಿದೆ. ಅದನ್ನ ಹೇಗೆ ಬರೆಯೋದು? ನಿನಗಾದ್ರೂ ಹೇಗೆ ಹೇಳೋದು?"

ಅತ್ತಿಗೆ ನಗುತ್ತಾರೆ ಎಂದುಕೊಂಡೆ. ಕನ್ನಡಿಯಲ್ಲಿ ನೋಡಿದೆ, ನಗುತ್ತಿರಲಿಲ್ಲ. ಬಟ್ಟೆ ಕತ್ತರಿಸುವ ಮುಂಚೆ ಗೆರೆಯನ್ನು ನೋಡುವಂತೆ ಗಂಡನ ಮುಖವನ್ನೇ ನೋಡುತ್ತಿದ್ದರು.

"ಆಮೇಲೆ ಅದು ಏನು ಮಾಡ್ತು?"

"ಸ್ವಲ್ಪ ವಾಲಿತು. ಹೋಯ್ತು." ಪೈಲಟ್ಟರು ಯೋಚಿಸಿ, ನ್ಯಾಯವಾಗಿ ಹೇಳಬೇಕೆಂದು ಸೇರಿಸಿದರು. "ಗಾಳಿಗೆ ವಾಲಿದ್ದಿರಬಹುದು."

"ಇರಬಹುದು," ಎಂದರು ಅತ್ತಿಗೆ.

ಆಮೇಲೆ, ಯಾವ ಕೈ ಎಂದು ಕೇಳಿದರು. ಪೈಲಟ್ಟರು ಬಲಗೈ ಎತ್ತಿ ತೋರಿಸಿದರು. ಅತ್ತಿಗೆ ಅದನ್ನು ಹಿಡಿದು ತಮ್ಮ ಮಡಿಲಲ್ಲಿ ಇಟ್ಟುಕೊಂಡು, ಇನ್ನು ಮೊದಲಿನಿಂದ ಹೇಳಿ, ಬೆಳಿಗ್ಗೆ ಮನೆಯಿಂದ ಹೊರಟಲ್ಲಿಂದ ಶುರುಮಾಡಿ ಎಂದರು. ಅವರು ಹೇಳತೊಡಗಿದರು. ಮೋಡ ಹೇಗಿತ್ತು, ಕೆರೆಯ ನೀರು ಯಾವ ಬಣ್ಣಕ್ಕಿತ್ತು, ಅದು ಮೊದಲು ಕಂಡಾಗ ಕುತ್ತಿಗೆಯ ಹಿಂದೆ ಏನಾಯಿತು, ಎಲ್ಲ ಒಂದೊಂದಾಗಿ, ತಡವರಿಸುತ್ತ, ಹೊಸದಾಗಿ ಮಾತು ಕಲಿತವರ ಹಾಗೆ.

ಮನೆ ಬಂತು. ನಾನು ಗಾಡಿ ನಿಲ್ಲಿಸದೆ ಮುಂದೆ ಹೋಗಿ, ಬೀದಿಯ ಕೊನೆಯಲ್ಲಿ ತಿರುಗಿಸಿ ಇನ್ನೊಂದು ಸುತ್ತು ಹಾಕಿದೆ. ಇಬ್ಬರೂ ಯಾಕೆ ಎಂದು ಕೇಳಲಿಲ್ಲ.